ಕೇಳುವವರಿಬ್ಬರು

ಬಾಗಿಲು ತೆರೆದ ಕೌನ್ಸೆಲರ್ ಕಣ್ಣಿಗೆ ಮೊದಲು ಬಿದ್ದದ್ದು ಒಬ್ಬ ಗಂಡಸಿನ ಬೆನ್ನು. ಶಾಲೆಯ ಜೀವಶಾಸ್ತ್ರದ ಲ್ಯಾಬಿನಲ್ಲಿ, ಹದಿಹರೆಯದ ಮಕ್ಕಳ ನಡುವೆ, ಅವನು ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಬ್ಯಾಗನ್ನು ಅಲ್ಲೇ ಬಿಟ್ಟು ಅವಳು ಅವನ ಪಕ್ಕ ಕುಕ್ಕರಿಸಿದಳು.

“ಅವಸರ ಇಲ್ಲ. ನಿಧಾನವಾಗಿ ಉಸಿರಾಡಿ. ನಾನಿದ್ದೀನಿ.”

ಬೆರಳ ಸಂದಿಯಿಂದ ಒಂದು ಕಣ್ಣು ಇಣುಕಿತು. ಅದರಲ್ಲಿ ಒಂದು ಹನಿ ನೀರೂ ಇರಲಿಲ್ಲ.

“ಮೇಡಂ, ಮಕ್ಕಳಿಗೆ ತೋರಿಸೋಕೆ ನಾನು ಪೇಷಂಟ್ ಪಾರ್ಟ್ ಮಾಡ್ತಿದ್ದೆ,” ಎಂದು ಪಿಸುಗುಟ್ಟಿದ. “ನೀವು ಇಷ್ಟು ಚೆನ್ನಾಗಿ ಹೇಳಿದ್ಮೇಲೆ ನಿಜವಾಗ್ಲೂ ಅಳೋಣ ಅನ್ನಿಸ್ತಿದೆ.”

ಲ್ಯಾಬಿಗೆ ಲ್ಯಾಬೇ ನಕ್ಕಿತು. ಅವಳ ಕಿವಿ ಕೆಂಪಾಯಿತು.

ಅವನು ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್. ಮುಂದೆ ಕೌನ್ಸೆಲರೋ ನರ್ಸೋ ಆಗಬೇಕೆನ್ನುವ ಮಕ್ಕಳಿಗೆ ಅವಳು ನಡೆಸುತ್ತಿದ್ದ ಶನಿವಾರದ ಕ್ಲಾಸಿಗೆ ಅವನನ್ನು ಎಳೆದು ತಂದವಳು ಅವನ ಅಕ್ಕನ ಮಗಳು. ಬಾಯಿ ತೆರೆದರೆ ನಿಲ್ಲದ ಆ ಹುಡುಗಿಯನ್ನು ಎಲ್ಲರೂ ಪಟಾಕಿ ಎನ್ನುತ್ತಿದ್ದರು.

ಆಮೇಲೆ ಪ್ರತಿ ಶನಿವಾರ ಅವನು ಬಂದ. ಪಾಠ ಮುಗಿದ ಮೇಲೆ ಇಬ್ಬರೂ ಕಿಟಕಿಯ ಬಳಿ ಟೀ ಕುಡಿಯುತ್ತಿದ್ದರು. ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುವುದನ್ನು ಅವನು ನೋಡುತ್ತಿದ್ದ. ನೋಡುತ್ತಿದ್ದಾನೆಂದು ಗೊತ್ತಿದ್ದೇ ಅವಳು ಟೀ ಆರಿಸಿಕೊಂಡು ಕುಡಿಯುತ್ತಿದ್ದಳು.

“ಮಾವ, ಆ ಟೀ ನಾಳೆಗಾದ್ರೂ ಮುಗಿಯುತ್ತಾ?” ಎಂದು ಪಟಾಕಿ ಬಾಗಿಲಲ್ಲೇ ನಿಂತು ಕಾಡುತ್ತಿದ್ದಳು.

ಹೀಗಿರುವಾಗ ಅವನ ವಾರ್ಡಿನಿಂದ ಗುಣವಾಗಿ, ನಗುನಗುತ್ತ ಮನೆಗೆ ಹೋಗಿದ್ದ ಯುವತಿಯೊಬ್ಬಳು ತಾನೇ ಜೀವ ಕಳೆದುಕೊಂಡಳು. ಅವನ ಮಾತು ಬತ್ತಿತು, ಊಟ ನಿಂತಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯ ನೀರಿಗೆ ಬಿದ್ದ ಹಾಗಾಗಿದೆ ನನ್ನ ಗತಿ ಎಂದನಷ್ಟೆ. ಕೌನ್ಸೆಲರ್ ದಿನವೂ ಫೋನ್ ಮಾಡಿದಳು. ನಿದ್ದೆ ಬಂತಾ, ತಿಂಡಿ ತಿಂದ್ರಾ, ಹೊರಗೆ ಓಡಾಡಿದ್ರಾ ಎಂದು ವಿಚಾರಿಸಿದಳು.

ಒಂದು ಶನಿವಾರ ಮಕ್ಕಳೆಲ್ಲ ಹೋದ ಮೇಲೆ ಅವನು ಬಂದ. ಅವಳು ಬೋರ್ಡ್ ಒರೆಸುತ್ತಿದ್ದಳು.

“ಕೆಲಸ ಬಿಟ್ಟೆ. ಬೇರೆ ಊರಲ್ಲಿ ಸ್ನೇಹಿತನ ಗೋಡೌನಿದೆ. ಪೆಟ್ಟಿಗೆ ಜೋಡಿಸೋ ಕೆಲಸ. ಪೆಟ್ಟಿಗೆಗಳು ತಮ್ಮ ಕಷ್ಟ ಹೇಳ್ಕೊಳಲ್ಲ.”

“ಊಟ ಆಯ್ತಾ?”

ಅವನು ಮೆಲ್ಲಗೆ ನಕ್ಕ. “ಪ್ರೀತಿ ಮಾಡ್ತೀನಿ ಅಂತ ಹೇಳೋಕೆ ಬಂದ್ರೆ ಊಟ ಆಯ್ತಾ ಅಂತೀರಲ್ಲ.”

ಅವಳ ಕೈ ಬೋರ್ಡಿನ ಮೇಲೇ ನಿಂತಿತು. “ನಾನೂ ಅಷ್ಟೇ. ಹಾಗಿದ್ರೆ ಹೋಗೋದ್ಯಾಕೆ? ಇಲ್ಲೇ ಇರಿ. ನಾನು ನೋಡ್ಕೋತೀನಿ.”

“ಅದಕ್ಕೇ ಹೋಗ್ತಿರೋದು. ನೀವು ನೋಡ್ಕೋತೀರಿ, ನಾನು ನೋಡಿಸ್ಕೋತೀನಿ. ನಿಮ್ಮ ಕಣ್ಣಲ್ಲಿ ನಾನೀಗ ಒಂದು ಕೇಸು. ನಿಮಗೇನು ನೋವಿದೆ ಅಂತ ಎಷ್ಟು ಸಲ ಕೇಳಿದೆ. ಒಂದ್ಸಲನಾದ್ರೂ ಹೇಳಿದ್ರಾ?”

ಅವಳು ಬಾಯಿ ತೆರೆದಳು. ತಾನೇ ಹೋಗಿ ದೀಪ ಹಾಕಬೇಕಾದ ಮನೆ, ಯಾರೂ ಕೇಳದೆ ಹಾಗೇ ಉಳಿದ ವರ್ಷಗಳು, ಎಲ್ಲವೂ ಗಂಟಲಿಗೆ ಬಂದವು. ಹೊರಬಿದ್ದದ್ದು ಮಾತ್ರ ಬೇರೆಯೇ:

“ನಿಮಗೆ ಹಾಗನ್ನಿಸೋದು ಸಹಜ.”

ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು. ಹೇಳಿದ ಮೇಲೆ ಅವಳಿಗೇ ಅಳು ಬರುವಂತಾಯಿತು. ಅವನು ಹತ್ತಿರ ಬಂದು ಅವಳ ಕೆನ್ನೆಗೆ ಹತ್ತಿದ್ದ ಸೀಮೆಸುಣ್ಣವನ್ನು ಹೆಬ್ಬೆರಳಿನಿಂದ ಒರೆಸಿದ. ಆ ಬೆರಳು ಅಲ್ಲೇ ಸ್ವಲ್ಪ ತಡೆಯಿತು. ಆಮೇಲೆ ಅವನು ಹೊರಟುಹೋದ.

ಮುಂದಿನ ವಾರ ಪಟಾಕಿ ಒಬ್ಬಳೇ ಹಿಂದೆ ಉಳಿದಳು.

“ಮೇಡಂ, ನಾನಿನ್ನು ಈ ಕ್ಲಾಸಿಗೆ ಬರಲ್ಲ. ಕಾಮರ್ಸ್ ತಗೋತೀನಿ. ಮಾವನ್ನ ನೋಡಿದ್ಮೇಲೆ ಭಯ ಆಗುತ್ತೆ.”

ಇಂಥ ಭಯಕ್ಕೆ ಕೌನ್ಸೆಲರ್ ಬಳಿ ಉತ್ತರಗಳಿದ್ದವು. ಯಾವುದನ್ನೂ ಹೇಳುವ ಮನಸ್ಸಾಗಲಿಲ್ಲ.

“ಸರಿ ಕಣೆ,” ಎಂದಳು. “ಮಾವ ಫೋನ್ ಮಾಡ್ತಾರಾ?”

“ಅಮ್ಮನಿಗೆ ಮಾಡ್ತಾನೆ. ನಿಮ್ಮ ಸುದ್ದಿ ಬಂದ್ರೆ ಇಟ್ಬಿಡ್ತಾನೆ.”

ಅವಳು ಸ್ಟೂಲಿನ ಮೇಲೆ ಕುಸಿದಳು. “ನಂಗೆ ತುಂಬಾ ಕಷ್ಟ ಆಗ್ತಿದೆ ಪುಟ್ಟಾ,” ಎಂದಳು. ಆ ಮಾತು ಕೇಳಬೇಕಾಗಿದ್ದವನು ಆಗಲೇ ದೂರವಾಗಿದ್ದ.

ಪಟಾಕಿ ಹೆಗಲಿಗೇರಿಸಿದ್ದ ಬ್ಯಾಗನ್ನು ಇಳಿಸಿ, ಇನ್ನೊಂದು ಸ್ಟೂಲ್ ಎಳೆದುಕೊಂಡು ಸುಮ್ಮನೆ ಪಕ್ಕದಲ್ಲಿ ಕೂತಳು.