ಬೇವಿಲ್ಲದ ಯುಗಾದಿ

ಬಹಳ ಹಿಂದೆ, ಗಡಿಯಾರವಿನ್ನೂ ಹುಟ್ಟದ ಕಾಲದಲ್ಲಿ, ಸುರಹೊನ್ನೆ ಎಂಬ ರಾಜ್ಯವಿತ್ತು. ಅಲ್ಲಿ ಕೇರಿಗೊಂದು ಹೊಸ ವರ್ಷ. ಒಂದು ಕೇರಿಯವರು ಯುಗಾದಿಗೆ ಬೇವು-ಬೆಲ್ಲ ತಿಂದು, ಇನ್ನೊಂದರವರು ನವರೋಜಿಗೆ ಗೋಧಿ ಮೊಳಕೆ ಇಟ್ಟು, ಮತ್ತೊಂದರವರು ಲೋಸರಿಗೆ ಕರಿದ ತಿಂಡಿ ಹಂಚಿ ವರ್ಷವನ್ನು ಕರೆಯುತ್ತಿದ್ದರು. ಕರೆಯದ ಮನೆಯಲ್ಲಿ ಕಾಲ ನಿಂತುಬಿಡುತ್ತಿತ್ತು.

ಕಾಲಹರನೆಂಬ ಮಾಂತ್ರಿಕ ಮಂತ್ರಿಯಾದ. "ಇನ್ನು ಯುಗಾದಿಯೊಂದೇ ಹೊಸ ವರ್ಷ. ಬೇವು ಬೇಡ, ಬರೀ ಬೆಲ್ಲ. ಅಂದು ಕೊಟ್ಟದ್ದನ್ನು ತಿನ್ನದವನಿಗೆ ಗಡೀಪಾರು!" ಎಂದು ಡಂಗುರ ಹೊಡೆಸಿದ. ಉಳಿದ ಕೇರಿಗಳ ನಿಂತ ಕಾಲವನ್ನು ಹೀರಿ ತಾನು ಯುವಕನಾಗಿಯೇ ಉಳಿದ.

ನವರೋಜಿನ ಕೇರಿಯ ಶಿರೀನಳಿಗೆ ಬಸಿರಾಗಿ ಹದಿನಾಲ್ಕು ತಿಂಗಳು. ಹೆರಿಗೆಯಿಲ್ಲ, ಗಂಡನೂ ಕಾಣೆ.

"ತಿಪ್ಪೇಶಣ್ಣ, ಒಳಗೇ ಒದೀತಿದೆ. ಹೊರಗೆ ಬರೋಕೆ ಅದಕ್ಕೆ ವರ್ಷವೇ ಇಲ್ಲ," ಎಂದಳು ಗೋಡೆಯಾಚೆಯ ಯುಗಾದಿ ಕೇರಿಯ ನೇಕಾರನಿಗೆ.

ತಿಪ್ಪೇಶನ ಮೈ ಉರಿಯಿತು. ಮೂರು ಕೇರಿಯ ತಿನಿಸುಗಳನ್ನು ಗಂಟು ಕಟ್ಟಿ, ಯುಗಾದಿಯಂದೇ ಅರಮನೆಗೆ ಹೊರಟ.

ಮೊದಲ ಬಾಗಿಲಲ್ಲಿ ಹುಲಿ. "ನಿನ್ನ ವರ್ಷ ಬಂತಲ್ಲ, ನಿನಗೇನು ಕಷ್ಟ?"

"ಪಕ್ಕದ ಮನೆಯ ಕೂಸು ಹೊಸ್ತಿಲಲ್ಲಿ ಸಿಕ್ಕಿಕೊಂಡಿರುವಾಗ ನಾನು ಹೋಳಿಗೆ ಮೆಲ್ಲಲೇ? ಥೂ!"

ಲೋಸರಿನ ತಿಂಡಿ ಎಸೆದ. ತಿಂದದ್ದೇ ಹುಲಿ ಮನುಷ್ಯನಾಯಿತು. ಕಾಲಹರ ಮಂತ್ರ ಹಾಕಿ ಹುಲಿಯಾಗಿಸಿದ್ದ ಲೋಸರ್ ಕೇರಿಯ ಕಾವಲುಗಾರ!

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಸರ್ಪ. ಅದೇ ಪ್ರಶ್ನೆ, ಅದೇ ಉತ್ತರ. ಗೋಧಿ ಮೊಳಕೆ ತಿಂದದ್ದೇ ಅದು ಶಿರೀನಳ ಕಾಣೆಯಾದ ಗಂಡ ರುಸ್ತುಮನಾಗಿ ಎದ್ದುನಿಂತಿತು.

ಮೂರನೆಯ ಬಾಗಿಲಾಚೆ ರಾಜ, ಪಕ್ಕದಲ್ಲಿ ಕಾಲಹರ.

"ನಿನ್ನ ವರ್ಷ ಬಂತಲ್ಲ ನೇಕಾರ, ನಿನಗೇನು ಕಷ್ಟ?" ಎಂದ ಕಾಲಹರ.

"ಬಂದಿಲ್ಲ. ಬೇವು ಕಿತ್ತ ಯುಗಾದಿ ನಮ್ಮದೂ ಅಲ್ಲ. ತಗೋ, ನಮ್ಮ ಮನೆಯದು." ಬೇವು-ಬೆಲ್ಲದ ಬಟ್ಟಲು ಚಾಚಿದ.

ಕಾಲಹರನ ಮುಖ ಬಿಳಿಚಿತು. "ಬೇ... ಬೇಡ. ಪಿತ್ತ ಜಾಸ್ತಿಯಾಗಿದೆ."

"ಮಹಾರಾಜ, ಕೊಟ್ಟದ್ದನ್ನು ತಿನ್ನದವನಿಗೆ ಗಡೀಪಾರು ಎಂದವರು ಯಾರು? ಕಾಯಿದೆ ನಮಗಷ್ಟೇ ಏನು?"

ರಾಜ ತಲೆತಗ್ಗಿಸಿ ಗೊಣಗಿದ: "ತಿನ್ನಯ್ಯ ಮಂತ್ರಿ."

ಕಹಿ ನಾಲಿಗೆಗೆ ತಾಗಿದ್ದೇ ಅವನಿಗೂ ನಿಜವಾದ ವರ್ಷ ಬಂತು. ಕದ್ದ ವರ್ಷಗಳೆಲ್ಲ ಒಮ್ಮೆಗೇ ಅವನ ಮೇಲೆರಗಿದವು. ಕೂದಲು ನರೆಯಿತು, ಬೆನ್ನು ಬಾಗಿತು, ಉಳಿದದ್ದು ಒಂದು ಹಿಡಿ ಬೂದಿ.

"ಡಂಗುರ ಹೊಡೆದಾಗ ನೀವೂ ಸುಮ್ಮನಿದ್ದಿರಿ, ನಾನೂ ಬೆಲ್ಲ ಚೀಪಿದೆ," ಎಂದ ತಿಪ್ಪೇಶ. "ನೀವೂ ಒಂದು ಎಸಳು ತಿನ್ನಿ ಮಹಾರಾಜ." ಇಬ್ಬರೂ ತಿಂದರು.

ರುಸ್ತುಮ ಓಡಿ ಮನೆ ಮುಟ್ಟುವಷ್ಟರಲ್ಲಿ ಒಳಗಿಂದ ಕೂಸಿನ ಅಳು ಕೇಳಿತು. ಆ ವರ್ಷ ಸುರಹೊನ್ನೆಯಲ್ಲಿ ಮೂರು ಹೊಸ ವರ್ಷಗಳು ಬಂದವು. ಮೂರಕ್ಕೂ ಊರೆಲ್ಲ ನಕ್ಕು ನಲಿಯಿತು. ಕೂಸು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಗಟ್ಟಿಯಾಗಿ ಅಳುತ್ತಲೇ ಬೆಳೆಯಿತು.