ಹನ್ನೆರಡು ದೋಣಿಗಳ ಮದ್ದು

ಮಲ್ಪೆಯ ಕರಾವಳಿ ಕೇಂದ್ರದ ಪರದೆಯ ಮೇಲೆ ಹಸಿರು ಗೆರೆಯೊಂದು ಮುಕ್ಕಾಲು ಭಾಗಕ್ಕೆ ಬಂದು ಮತ್ತೆ ನಿಂತಿತು. ಅದು ಮೂರನೆಯ ಸಲ.

ಆಳಸಮುದ್ರಕ್ಕೆ ಹೋಗುವ ಪ್ರತಿ ದೋಣಿಯಲ್ಲೂ ಈಗ ಔಷಧಯಂತ್ರವಿತ್ತು. ದಡದಿಂದ ಔಷಧದ ಸೂತ್ರವನ್ನು ದೋಣಿಯ ಸರ್ವರ್‌ಗೆ ಕಳುಹಿಸಬೇಕು. ಅದು ಪೂರ್ತಿ ತಲುಪಿದ ಮೇಲೆ, ಯಂತ್ರ ಏನೇನು ಮಾಡಬೇಕೆಂದು ಹೇಳುವ ಆದೇಶಪಟ್ಟಿಯನ್ನು ಇಲ್ಲಿಂದಲೇ ಚಾಲೂ ಮಾಡಿದರೆ ಅಲ್ಲಿ ಯಂತ್ರ ಮದ್ದು ತಯಾರಿಸುತ್ತದೆ. ಗಾಳಿ ಎದ್ದ ಆ ವಾರ ಬಲೆಗಳಿಗೆ ಕಡಲಹಾವುಗಳು ಹೆಚ್ಚಾಗಿ ಸಿಕ್ಕುತ್ತಿದ್ದವು. ಮಧ್ಯಾಹ್ನ ಕಡಲಲ್ಲಿದ್ದ ದೇಜಪ್ಪನಿಗೆ ಹಾವು ಕಚ್ಚಿತ್ತು; ಆ ಹಸಿರು ಗೆರೆ ಅವನ ದೋಣಿಗೆ ಹೋಗುತ್ತಿದ್ದ ಸೂತ್ರದ್ದು. ಅವನ ಹೆಂಡತಿ ಸುಮತಿ, ವಿಜ್ಞಾನಿ ಇಂದುಮತಿಯ ಪಕ್ಕದಲ್ಲೇ ಕುಳಿತಿದ್ದಳು.

"ಹೋದಷ್ಟರಲ್ಲೇ ಮದ್ದು ಮಾಡ್ಲಿಕ್ಕೆ ಆಗುದಿಲ್ವಾ ಮೇಡಂ?"

"ಅರ್ಧ ಸೂತ್ರದಿಂದ ಮಾಡಿದ ಮದ್ದೇ ವಿಷವಾದೀತಮ್ಮ. ಅವರ ದೋಣಿಯ ಸಂಪರ್ಕ ಮತ್ತೆ ಮತ್ತೆ ಕಡಿದು ಹೋಗ್ತಾ ಇದೆ."

"ನಮ್ಮವರಿಗೆ ಮಾತು ಮುಟ್ಟದಿದ್ರೆ ಹತ್ತಿರದ ಬೋಟಿನವರಿಗೆ ಹೇಳಿ ಕಳಿಸ್ತೇವೆ. ನಿಮ್ಮ ಮದ್ದಿನ ಪೆಟ್ಟಿಗೆಗಳು ಒಂದಕ್ಕೊಂದು ಮಾತಾಡುದಿಲ್ವಾ?"

ಪೆಟ್ಟಿಗೆಗಳಿಗೆ ಆ ಶಕ್ತಿಯಿತ್ತು. ಹಾಗೆ ಮಾಡಿರೆಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಇಂದುಮತಿ ಅವಸರವಾಗಿ ಹೊಸ ಆದೇಶಪಟ್ಟಿ ಬರೆದಳು: ಸೂತ್ರ ಪೂರ್ತಿ ಬಂದಿದೆಯೇ ಎಂದು ತಾಳೆ ನೋಡು, ಬಂದಿದ್ದರೆ ಮದ್ದು ತಯಾರಿಸು, ಸೂತ್ರವನ್ನೂ ಈ ಪಟ್ಟಿಯನ್ನೂ ಹತ್ತಿರದ ದೋಣಿಗೆ ದಾಟಿಸು. ದಡಕ್ಕೆ ಸಮೀಪವಿದ್ದ ದೋಣಿಗೆ ಸೂತ್ರದ ಜೊತೆ ಅದನ್ನು ಕಳುಹಿಸಿದಳು.

ನಲವತ್ತು ನಿಮಿಷಗಳ ಮೇಲೆ ಅದೇ ದಾರಿಯಲ್ಲಿ ಉತ್ತರ ಬಂತು. ಮದ್ದು ಕೊಟ್ಟಿದ್ದಾರೆ, ದೇಜಪ್ಪ ಸರಾಗವಾಗಿ ಉಸಿರಾಡುತ್ತಿದ್ದಾನೆ. ಸುಮತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆಮೇಲೆ ಇನ್ನೂ ಹನ್ನೊಂದು ದೋಣಿಗಳಿಂದ "ಮದ್ದು ಸಿದ್ಧ" ಎಂಬ ಸಂದೇಶ ಬಂತು. ದೇಜಪ್ಪನ ದೋಣಿಯಲ್ಲಿ ಮಾತ್ರ ತಯಾರಿಸು ಎಂದು ಬರೆಯಲು ಇಂದುಮತಿ ಮರೆತಿದ್ದಳು. ಕೇಂದ್ರದ ಮುಖ್ಯಸ್ಥರು, ಇಷ್ಟೊಂದು ಔಷಧದ ಕಚ್ಚಾ ಸಾಮಗ್ರಿ ವ್ಯರ್ಥವಾಯಿತೆಂದು ಗದರಿದರು. ಅವಳು ತಪ್ಪು ತಿದ್ದಲು ಕುಳಿತಾಗ ದೋಣಿಯಿಂದ ದೋಣಿಗೆ ದಾಟಿ ಮತ್ತೊಂದು ಸಂದೇಶ ಬಂತು, ಲಕ್ಷದ್ವೀಪದ ಕಡೆಯ ದೋಣಿಯದು:

"ನಮ್ಮ ದೂರಸಂಪರ್ಕದ ಆಂಟೆನಾ ಮುರಿದು ದಡವನ್ನು ಕರೆಯಲಾಗಲಿಲ್ಲ. ಬೆಳಿಗ್ಗೆ ಕೋಯಾನಿಗೆ ಹಾವು ಕಚ್ಚಿತು. ಆಸೆ ಬಿಟ್ಟಿದ್ದೆವು. ಪೆಟ್ಟಿಗೆ ತಾನಾಗಿಯೇ ಮದ್ದು ಕೊಟ್ಟಿತು. ಈಗ ಕಣ್ಣು ಬಿಟ್ಟಿದ್ದಾನೆ. ಕಳಿಸಿದವರು ಯಾರು?"

ಮುಖ್ಯಸ್ಥರು ಅದನ್ನು ಎರಡು ಸಲ ಓದಿದರು. "ಎಲ್ಲ ದೋಣಿಗೂ ಮದ್ದು ತಯಾರಿಸು ಅನ್ನೋ ಆ ಸಾಲು ಹಾಗೇ ಇರಲಿ, ತಿದ್ದಬೇಡಿ," ಎಂದರು.

ಸುಮತಿ ಕಣ್ಣೊರೆಸಿಕೊಂಡಳು. "ಆ ಕೋಯಾನ ಮನೆಯ ನಂಬರ್ ಕೇಳಿ ಮೇಡಂ. ಅವನ ಹೆಂಡತಿಗೆ ನಾನೇ ಹೇಳ್ತೇನೆ."