ಕಂದು ಕುದುರೆಗೆ ಬೂದು ಬಣ್ಣ

"ನನ್ನ ಕುದುರೇನ ಹಾಳು ಮಾಡಿದ್ದು ಯಾರು?"

ಅರ್ಲೀನಳ ದನಿಗೆ ಇಡೀ ಸಭಾಂಗಣವೇ ತಿರುಗಿ ನೋಡಿತು.

ಅಮೆರಿಕದ ಲೆಕ್ಸಿಂಗ್ಟನ್ನಿನಲ್ಲಿ ನಡೆದ ಮಾದರಿ ಕುದುರೆಗಳ ಪ್ರದರ್ಶನ ಅದು. ಉದ್ದನೆಯ ಮೇಜುಗಳ ತುಂಬ ಪ್ಲಾಸ್ಟಿಕ್ ಕುದುರೆಗಳು. ಕತ್ತು ಕಾಲು ತಿದ್ದಿ, ಹೊಸ ಬಣ್ಣ ಬಳಿದು, ಮಕ್ಕಳನ್ನು ಕರೆತಂದಂತೆ ಜನ ಅವನ್ನು ತಂದಿದ್ದರು.

ಅವಳು ತೋರಿಸಿದ್ದು ಬೂದು ಬಣ್ಣದ ಹೆಣ್ಣುಕುದುರೆ. ಆದರೆ ಆ ಕತ್ತು...! ಅದನ್ನು ಕೊಯ್ದು ಹಿಂದಕ್ಕೆ ತಿರುಗಿಸಿ ಕೂರಿಸಿದ್ದು ಅವಳೇ. ಅವಳು ಬಳಿದಿದ್ದ ಕಂದು ಬಣ್ಣ ಮಾತ್ರ ಎಲ್ಲೂ ಇರಲಿಲ್ಲ.

ಮೇಜಿನ ಹಿಂದಿದ್ದ ಎತ್ತರದ ಯುವಕ ಊರುಗೋಲು ಹಿಡಿದು ಎದ್ದ. ಹೆಸರು ಕ್ಲೇಟನ್.

"ಬಣ್ಣ ಹಾಕಿದ್ದು ನಾನೇ..."

"ಥಿನ್ನರ್ ಹಾಕಿ ನನ್ನ ಬಣ್ಣಾನೆಲ್ಲ ಉಜ್ಜಿ ತೆಗೆದ್ಬಿಟ್ರಾ? ಮಾಡಿದವಳನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಅವನು ಕುದುರೆಯನ್ನು ಎತ್ತಿ ಅವಳ ಕೈಗಿಟ್ಟ.

"ನೀವೇ ಇಟ್ಕೊಳ್ಳಿ. ಇದು ಯಾವತ್ತಿದ್ರೂ ನಿಮ್ದೇ," ಎಂದಷ್ಟೇ ಹೇಳಿ ಕುಂಟುತ್ತ ಹೊರಟುಹೋದ.

ಗೆದ್ದಂತಾಗಬೇಕಿತ್ತು. ಆದರೆ ಅರ್ಲೀನಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕುದುರೆಯನ್ನು ಎದೆಗೊತ್ತಿಕೊಂಡು ಮೇಜುಗಳ ನಡುವೆ ಸುಮ್ಮನೆ ಸುತ್ತಿದಳು. ಕೊಂಡ ಐಸ್ ಟೀಯನ್ನು ಎಲ್ಲಿಟ್ಟಳೋ ನೆನಪಿಲ್ಲ.

ಅಮ್ಮನ ಜೊತೆ ಕೂತು ಮಾಡಿದ ಕೊನೆಯ ಕುದುರೆ ಅದು. ಅಮ್ಮ ಹೋದಮೇಲೆ ಅದನ್ನು ನೋಡಲಾಗದೆ ಮಾರಿಬಿಟ್ಟಿದ್ದಳು. ಆಮೇಲೆ ಬ್ರಶ್ ಹಿಡಿದಿರಲಿಲ್ಲ. ಅದು ಯಾರ ಬಳಿಯಾದರೂ ಸಿಗಬಹುದು, ಕಾಡಿಬೇಡಿಯಾದರೂ ವಾಪಸು ಪಡೆಯಬೇಕು ಎಂದೇ ಇಂದು ಬಂದಿದ್ದಳು.

'ಸಿಕ್ಕಿತು... ಆದರೆ ಅಮ್ಮ ಇದರಲ್ಲಿ ಇಲ್ಲವಲ್ಲ!'

ತೀರ್ಪುಗಾರ್ತಿ ಮಿಸ್ ಒಪಾಲ್ ಅಡ್ಡ ನಿಂತರು. ಅಮ್ಮನ ಹಳೆಯ ಗೆಳತಿ.

"ಕೂಗಾಡೋ ಮುಂಚೆ ಮುಖ ನೋಡ್ಬಾರ್ದಿತ್ತೇನೆ?"

"ಅವರ ಮುಖ ನಾನ್ಯಾಕೆ ನೋಡ್ಲಿ?"

"ಕುದುರೆ ಮುಖ ಕಣೇ, ಪೆದ್ದಿ!"

ಅರ್ಲೀನ್ ಕುದುರೆಯನ್ನು ಬೆಳಕಿಗೆ ಹಿಡಿದಳು.

ಕಣ್ಣುಗಳು ಹಾಗೆಯೇ ಇದ್ದವು! ಬಲಗಣ್ಣಿನ ಬಿಳಿ ಚುಕ್ಕೆ ಕೊಂಚ ಓರೆ. ನಡುಗುವ ಕೈಯಲ್ಲಿ, ಯಾರ ಮಾತೂ ಕೇಳದೆ, ಅಮ್ಮ ಬರೆದ ಕಣ್ಣುಗಳು! ಹೊಸ ಬಣ್ಣ ರೆಪ್ಪೆಯ ಅಂಚಿಗೆ ಬಂದು ನಿಂತಿತ್ತು, ಒಳಗೆ ಕೂದಲೆಳೆಯಷ್ಟೂ ಹೋಗಿರಲಿಲ್ಲ.

'ಅಯ್ಯೋ, ನಾನೇನು ಮಾಡಿಬಿಟ್ಟೆ...'

ಅವಳು ಓಡಿದಳು. ಹೊರಗೆ ಅವನ ಪಿಕಪ್ ಗಾಡಿ ಆಗಲೇ ಹೊರಟಿತ್ತು. ಎದುರಿಗೇ ಹೋಗಿ ಬಾನೆಟ್ ಮೇಲೆ ಕೈಯಿಟ್ಟು ನಿಂತಳು.

"ಕಣ್ಣು ಮಾತ್ರ ಯಾಕೆ ಹಾಗೇ ಬಿಟ್ರಿ?"

ಕ್ಲೇಟನ್ ಎಂಜಿನ್ ಆರಿಸಿ ಕೆಳಗಿಳಿದ.

"ರೇಸ್ ಕುದುರೆಗೆ ತರಬೇತಿ ಕೊಡ್ತಾ ಬಿದ್ದು ಸೊಂಟ ಮುರ್ಕೊಂಡೆ. ಮಲಗಿದ್ದಲ್ಲೇ ಇರ್ಬೇಕಾಗಿತ್ತು. ಕಿಟಕೀಲಿ ಇವಳನ್ನ ಇಟ್ಕೊಂಡಿದ್ದೆ. ಬಿಸಿಲಿಗೆ ಮೈ ಬಣ್ಣವೆಲ್ಲ ಸಿಪ್ಪೆ ಎದ್ದುಹೋಯ್ತು. ಹೊಟ್ಟೆ ಕೆಳಗೆ ನಿಮ್ಮ ಹೆಸರಿತ್ತು, ಸರಿ ಮಾಡೋಕೆ ನಿಮ್ಗೇ ಕೊಡೋಣ ಅಂದ್ರೆ, ಅಮ್ಮ ತೀರ್ಕೊಂಡ್ಮೇಲೆ ನೀವು ಕೆಲ್ಸ ಬಿಟ್ಟಿದ್ದೀರಿ, ತೊಂದ್ರೆ ಕೊಡ್ಬೇಡ ಅಂದ್ರು ಮಿಸ್ ಒಪಾಲ್. ನಾನೇ ಕಲ್ತೆ. ಆದ್ರೆ ಆ ಕಣ್ಣು... ದಿನವೆಲ್ಲ ನನ್ನ ಜೊತೆಗಿದ್ದಿದ್ದು ಅವೇ ತಾನೆ? ಮುಟ್ಟೋಕೆ ಮನಸ್ಸು ಬರ್ಲಿಲ್ಲ."

"ಅವು ನಮ್ಮಮ್ಮ ಬರೆದಿದ್ದು..."

ಅವಳು ಬಿಕ್ಕಿದಳು. ಅವನು ತನ್ನ ಬಣ್ಣದ ಕಲೆಯ ಕರವಸ್ತ್ರ ಚಾಚಿದ.

"ಬೂದು ಬಣ್ಣವೇ ಯಾಕೆ?"

"ಬೂದು ಕುದುರೆಗಳು ಹುಟ್ಟೋವಾಗ ಕಂದು ಇರ್ತವಲ್ಲ? ವರ್ಷ ಕಳೆದ ಹಾಗೆ ಬೆಳ್ಳಗಾಗ್ತವೆ. ಇವಳೂ ನನ್ನ ಜೊತೆ ಬದುಕಿದ್ದಾಳೆ, ವಯಸ್ಸಾಗಿದೆ ಅಂದ್ಕೊಂಡೆ. ನಿಮ್ಗೆ ಬೇಡ ಅಂದ್ರೆ ತೆಗೆದ್ಬಿಡ್ತೀನಿ."

"ಬೇಡ!" ಅವಳು ಕುದುರೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಮಂಡಿ ಹತ್ರ ಮಾತ್ರ ಕೆಟ್ಟದಾಗಿದೆ. ಅದನ್ನ ನಾನು ತಿದ್ತೀನಿ."

ಹೇಳಿದ ಮೇಲೆ ಅವಳಿಗೇ ಅಚ್ಚರಿ. ಬ್ರಶ್ ಹಿಡಿಯಲು ಬೆರಳು ಚಡಪಡಿಸುತ್ತಿದ್ದವು!

"ಅರ್ಲೀನ್... ಪ್ರತಿ ಪ್ರದರ್ಶನಕ್ಕೂ ಬರ್ತಿದ್ದೆ, ನೀವು ಬಂದಿರ್ತೀರೇನೋ ಅಂತ. ಸಿಕ್ಕಿದ್ರೆ ಹೇಗೆ ಮಾತು ಶುರು ಮಾಡೋದು ಅಂತಾನೇ ಭಯ."

"ನಾನೇ ಬೈದು ಶುರು ಮಾಡಿದ್ನಲ್ಲ!"

"ಹಾಗಾದ್ರೆ ಮುಗಿಸ್ಬೇಡಿ," ಎಂದ ಅವನು, ಮೆಲ್ಲಗೆ. "ದಿನಾ ಬೈತಾ ಇದ್ರೂ ಪರವಾಗಿಲ್ಲ."

"ದಿನಾನಾ? ಯೋಚನೆ ಮಾಡಿ ಹೇಳಿ, ನಂಗೆ ಕೋಪ ಜಾಸ್ತಿ."

"ಮಾಡಾಯ್ತು. ಆಗ ಮಲಗಿದ್ದಲ್ಲೇ ಮಾಡಿದ್ದೆ."

ಅರ್ಲೀನ್ ಪಿಕಪ್ಪಿನ ಇನ್ನೊಂದು ಬಾಗಿಲು ತೆರೆದು ಹತ್ತಿ ಕೂತಳು.